ನಾನು ಮಾರಿದ ಕಾರಿನ ಬ್ರೇಕು

ಮಾಡದಕೆರೆಯ ಪಶು ಆಸ್ಪತ್ರೆಗೆ ವೈದ್ಯೆಯಾಗಿ ಬಂದ ವರ್ಷವೇ ನಾನು ಆ ಸಣ್ಣ ಕಾರನ್ನು ಕೊಂಡೆ. ಮನೆ ಹೊಸದುರ್ಗದಲ್ಲಿ, ಕೆಲಸ ಸುತ್ತಲಿನ ಹಳ್ಳಿಗಳಲ್ಲಿ. ಲಸಿಕೆಯ ಐಸ್ ಪೆಟ್ಟಿಗೆಯನ್ನು ಸ್ಕೂಟರಿಗೆ ಕಟ್ಟಿಕೊಂಡು ಓಡಾಡಿ ಬೆನ್ನು ಹಿಡಿದುಕೊಂಡಿತ್ತು. ಯಾರೋ ನಾಲ್ಕು ವರ್ಷ ಓಡಿಸಿ ಬಿಟ್ಟ ಗಾಡಿ ಅದು. ನನ್ನ ಕೈಗೆ ಬಂದ ಮೇಲೆ ಅದಕ್ಕೆ ಕುರಿಯ ವಾಸನೆ ಹಿಡಿಯಿತು, ಹಿಂದಿನ ಸೀಟಿನ ಕವರು ಎರಡು ಸಲ ಹರಿಯಿತು. ಆದರೂ ನಾನು ಚೆನ್ನಾಗಿಯೇ ನೋಡಿಕೊಂಡಿದ್ದೆ. ಹದಿನೈದು ದಿನಕ್ಕೊಮ್ಮೆ ಟೈರಿಗೆ ಗಾಳಿ ಹಾಕಿಸುತ್ತಿದ್ದೆ. ಎಂಜಿನ್ ಆಯಿಲ್ ಬದಲಿಸಿದಾಗೆಲ್ಲ ಕಿಲೋಮೀಟರ್ ಬರೆದಿಡುತ್ತಿದ್ದೆ. ದನಕರುಗಳ ಮೈ ಮುಟ್ಟಿ ಕಾಯಿಲೆ ಹೇಳುವವಳಿಗೆ ಗಾಡಿಯ ಮೈಯೂ ತಿಳಿಯುತ್ತದೆ ಎಂದು ಒಳಗೊಳಗೇ ಒಂದು ಜಂಬವೂ ಇತ್ತು.

ಬ್ರೇಕಿನ ತೊಂದರೆ ಮೊದಲು ಕಂಡದ್ದು ಹೊಳಲ್ಕೆರೆಯ ದಾರಿಯಲ್ಲಿ. ತವರಿಗೆ ಹೊರಟಿದ್ದೆ, ಪಕ್ಕದಲ್ಲಿ ನನ್ನ ಗಂಡ ಕೂತಿದ್ದರು. ರೈಲ್ವೆ ಗೇಟು ಹಾಕಿತ್ತು, ಮುಂದೆ ತೆಂಗಿನಕಾಯಿ ತುಂಬಿದ ಟ್ರ್ಯಾಕ್ಟರು ನಿಂತಿತ್ತು. ನಿಧಾನವಾಗಿಯೇ ಬ್ರೇಕ್ ತುಳಿದೆ. ಪೆಡಲ್ ಕಾಲಿಗೆ ಎದುರೊತ್ತಲಿಲ್ಲ. ಕೆಸರಿನಲ್ಲಿ ಕಾಲಿಟ್ಟಂತೆ ಮೆತ್ತಗೆ ಇಳಿಯುತ್ತ ತಳ ಮುಟ್ಟಿತು. ಬಿಟ್ಟು ಮತ್ತೆ ತುಳಿದಾಗ ಹಿಡಿಯಿತು. ಟ್ರ್ಯಾಕ್ಟರಿಗೂ ನಮಗೂ ಗೇಣು ಅಂತರವಿತ್ತು. ನನ್ನ ಗಂಡ ಡ್ಯಾಶ್‌ಬೋರ್ಡಿನ ಮೇಲೆ ಎರಡೂ ಕೈ ಊರಿದ್ದವರು, ಗೇಟು ತೆಗೆಯುವವರೆಗೂ ಆ ಕೈಗಳನ್ನು ತೆಗೆಯಲಿಲ್ಲ.

ಮರುದಿನ ಹೊಸದುರ್ಗದ ನಮ್ಮ ಮೆಕ್ಯಾನಿಕ್ ಗಾಡಿಯನ್ನು ಎರಡು ಸುತ್ತು ಓಡಿಸಿ ನೋಡಿದ. ಬ್ರೇಕ್ ಸರಿಯಾಗಿಯೇ ಹಿಡಿಯುತ್ತಿತ್ತು. ಬ್ರೇಕ್ ಆಯಿಲಿನ ಮಟ್ಟವೂ ಇಳಿದಿರಲಿಲ್ಲ. ಪೈಪಿನಲ್ಲಿ ಗಾಳಿ ಸೇರಿರಬಹುದೆಂದು ಹೇಳಿ ಗಾಳಿ ತೆಗೆದು, ಹೊಸ ಆಯಿಲ್ ತುಂಬಿದ. ಬೀಗದ ಕೈ ಕೊಡುವಾಗ ಒಂದು ಮಾತು ಹೇಳಿದ.

“ಇನ್ನೊಂದ್ಸಲ ಹಿಂಗಾದ್ರೆ ಓಡಿಸ್ಬ್ಯಾಡ್ರಿ ಮೇಡಂ. ಅಲ್ಲೇ ನಿಲ್ಸಿ ಫೋನ್ ಮಾಡ್ರಿ. ಬಿಚ್ಚಿ ನೋಡ್ಬೇಕಾಗ್ತತೆ.”

ಎರಡನೆಯ ಸಲ ಆದಾಗ ಕಾರಿನಲ್ಲಿ ನಾನೊಬ್ಬಳೇ ಇದ್ದೆ. ಮಾಡದಕೆರೆಯಿಂದ ಬರುವ ದಾರಿಯ ಇಳಿಜಾರಿನಲ್ಲಿ ಕುರಿಮಂದೆಯೊಂದು ರಸ್ತೆ ದಾಟುತ್ತಿತ್ತು. ಪೆಡಲ್ ಅದೇ ರೀತಿ ತಳಕ್ಕಿಳಿಯಿತು. ಈ ಸಲ ಬಿಟ್ಟು ತುಳಿದರೂ ಹಿಡಿಯಲಿಲ್ಲ. ಗೇರು ಇಳಿಸಿ, ಹ್ಯಾಂಡ್‌ಬ್ರೇಕ್ ಎಳೆದೆ. ಕಾರು ಓರೆಯಾಗಿ ಜಾರಿ, ಒಂದು ಕುರಿಯ ಬೆನ್ನಿಗೆ ಬಂಪರ್ ತಾಗಿ ನಿಂತಿತು. ಆ ಕುರಿಯ ಹಿಂದೆಯೇ ಒಬ್ಬ ಹೆಂಗಸು ಮರಿಯನ್ನು ಹೆಗಲ ಮೇಲೆ ಹಾಕಿಕೊಂಡು ಬರುತ್ತಿದ್ದಳು. ನನ್ನ ಗುರುತು ಹಿಡಿದು, ನಕ್ಕು, ಕೈ ಎತ್ತಿ ಹೋದಳು. ಏನಾಗುವುದಿತ್ತೆಂದು ಅವಳಿಗೆ ತಿಳಿಯಲೇ ಇಲ್ಲ. ಮಂದೆ ದಾಟಿ ಧೂಳು ಇಳಿದ ಮೇಲೂ ನನ್ನ ಕೈಗಳು ಸ್ಟೀರಿಂಗನ್ನು ಬಿಡಲಿಲ್ಲ.

ಆಮೇಲೆ ಪೆಡಲ್ ಮುಟ್ಟಿ ನೋಡಿದರೆ ಕಲ್ಲಿನಂತೆ ಗಟ್ಟಿಯಾಗಿತ್ತು, ಏನೂ ಆಗಿಯೇ ಇಲ್ಲವೆಂಬಂತೆ. ನಡೆಯುವ ವೇಗದಲ್ಲಿ ಮನೆಗೆ ಬಂದೆ. ಮೆಕ್ಯಾನಿಕ್‌ಗೆ ಫೋನ್ ಮಾಡಲಿಲ್ಲ. ಗಂಡನಿಗೂ ಹೇಳಲಿಲ್ಲ.

ಯಾಕೆ ಹೇಳಲಿಲ್ಲ ಎಂದು ಎಷ್ಟೋ ಸಲ ಕೇಳಿಕೊಂಡಿದ್ದೇನೆ. ಭಯ ಆಗ ಬ್ರೇಕಿನದ್ದಾಗಿ ಉಳಿದಿರಲಿಲ್ಲ, ಇಡೀ ಗಾಡಿಯದ್ದಾಗಿತ್ತು. ಯಾರು ಏನು ರಿಪೇರಿ ಮಾಡಿಕೊಟ್ಟರೂ ಆ ಪೆಡಲಿನ ಮೇಲೆ ನಂಬಿಕೆಯಿಂದ ಕಾಲಿಡಲು ನನ್ನಿಂದಾಗುತ್ತಿರಲಿಲ್ಲ. ಅದು ನಮ್ಮ ಮನೆ ಬಿಟ್ಟು ಹೋದರೆ ಸಾಕಾಗಿತ್ತು. ಬ್ರೇಕ್ ಹೋಗಿದೆ ಎಂದು ಬಾಯಿಬಿಟ್ಟರೆ ಅದನ್ನು ಕೊಳ್ಳುವವರು ಯಾರು? ಇನ್ಶೂರೆನ್ಸ್ ಕಟ್ಟುವ ಸಮಯ ಹತ್ತಿರ ಬಂತು, ನಾಲ್ಕೂ ಟೈರು ಬದಲಿಸಬೇಕು, ಕ್ಲಚ್ ಗಟ್ಟಿಯಾಗಿದೆ, ಇದನ್ನು ಕೊಟ್ಟು ಬೇರೆ ತಗೊಳ್ಳೋಣ ಎಂದು ಗಂಡನಿಗೆ ಹೇಳಿದೆ. ಅವರು ಹೈಸ್ಕೂಲು ಮೇಷ್ಟ್ರು, ಕಾಗದಪತ್ರದ ವಿಷಯದಲ್ಲಿ ಅಚ್ಚುಕಟ್ಟು. ಆಗಲಿ ಎಂದರು.

ನನ್ನ ಆಸ್ಪತ್ರೆಗೆ ಕುರಿ ತರುತ್ತಿದ್ದ ಯಜಮಾನರೊಬ್ಬರು ಮಾಡದಕೆರೆಯಲ್ಲಿದ್ದರು. ಅವರ ಮಗಳನ್ನು ಹಿರಿಯೂರು ಕಡೆಯ ಆದಿವಾಲಕ್ಕೆ ಕೊಟ್ಟಿತ್ತು. ಅಳಿಯನ ತಾಯಿಗೆ ಕಿಡ್ನಿಯ ಕಾಯಿಲೆ. ವಾರಕ್ಕೆ ಎರಡು ದಿನ ಚಿತ್ರದುರ್ಗದ ಆಸ್ಪತ್ರೆಗೆ ಕರೆದುಕೊಂಡು ಹೋಗಬೇಕು, ಬಸ್ಸಿನಲ್ಲಿ ಆಕೆಯ ಕೈಲಾಗುತ್ತಿರಲಿಲ್ಲ. ಗಾಡಿ ಮಾರುವ ಸುದ್ದಿ ಕಿವಿಗೆ ಬಿದ್ದದ್ದೇ ಯಜಮಾನರು ಅಳಿಯನನ್ನು ನಮ್ಮ ಮನೆಗೆ ಕರೆದುಕೊಂಡು ಬಂದರು.

“ಡಾಕ್ಟ್ರಮ್ಮನ ಗಾಡಿ ಕಣಪ್ಪ. ಕಣ್ಮುಚ್ಕಂಡು ತಗ,” ಎಂದರು.

ಅಳಿಯ ಮೂವತ್ತರ ಆಸುಪಾಸಿನವನು, ಮಾತು ಕಡಿಮೆ. ಹೊಲ ಮಾಡಿಕೊಂಡು, ಬಿಡುವಿದ್ದಾಗ ಬೇರೆಯವರ ಗೂಡ್ಸ್ ಗಾಡಿ ಓಡಿಸುತ್ತಿದ್ದವನು. ಕಾರನ್ನು ಓಡಿಸಿ ನೋಡಿ ಬಂದ. ಬ್ರೇಕ್ ಅವನಿಗೆ ಸರಿಯಾಗಿಯೇ ಹಿಡಿದಿತ್ತು. ಕೆಳಗಿಳಿದು ನನ್ನನ್ನೇ ನೇರ ಕೇಳಿದ: “ಏನಾರ ತೊಂದ್ರೆ ಐತಾ ಡಾಕ್ಟ್ರಮ್ಮ?”

ಕ್ಲಚ್ ಸ್ವಲ್ಪ ಗಟ್ಟಿ, ಅಷ್ಟೇ ಎಂದೆ.

ಗಾಡಿ ಹೋದ ದಿನ ಹಗುರಾಯಿತು ಅಂದುಕೊಂಡೆ. ಮಾರನೆಯ ದಿನದಿಂದಲೇ ಭಯ ಬೇರೆ ರೂಪದಲ್ಲಿ ಶುರುವಾಯಿತು. ಮೊದಲು ಹೆದರಿದ್ದು ನನ್ನ ಸಲುವಾಗಿಯೇ, ಅದನ್ನು ಮುಚ್ಚಿಡಲಾರೆ. ಆರ್‌ಸಿ ಇನ್ನೂ ನನ್ನ ಹೆಸರಿನಲ್ಲೇ ಇತ್ತು, ಅರ್ಜಿಗೆ ಸಹಿ ಹಾಕಿಕೊಟ್ಟಿದ್ದೆನಾದರೂ ವರ್ಗಾವಣೆ ಆಗಿರಲಿಲ್ಲ. ಏನಾದರೂ ಆದರೆ ಪೊಲೀಸರು ನನ್ನ ಬಾಗಿಲಿಗೇ ಬರುತ್ತಾರೆ. ಕೆಲವು ದಿನಗಳಾದ ಮೇಲೆ ಕಣ್ಣ ಮುಂದೆ ಆ ಮನೆಯ ಜನ ಬರತೊಡಗಿದರು. ಆ ತಾಯಿಯನ್ನು ನಾನು ನೋಡಿಯೇ ಇರಲಿಲ್ಲ, ಆದರೂ ಆಕೆ ಮುಂದಿನ ಸೀಟಿನಲ್ಲಿ ಕೂತಿರುತ್ತಿದ್ದರು. ಹಿರಿಯೂರಿನಿಂದ ಚಿತ್ರದುರ್ಗದ ಹೆದ್ದಾರಿ, ಎದುರಿಗೆ ಲಾರಿ. ಬೆಳಿಗ್ಗೆ ಪತ್ರಿಕೆ ಬಂದರೆ ಮೊದಲು ಜಿಲ್ಲೆಯ ಪುಟ ತೆಗೆದು ಅಪಘಾತದ ಸುದ್ದಿ ಓದುತ್ತಿದ್ದೆ. ಗೊತ್ತಿಲ್ಲದ ನಂಬರಿನಿಂದ ಫೋನ್ ಬಂದರೆ ಎರಡನೆಯ ಸಲ ರಿಂಗಾಗುವವರೆಗೂ ಎತ್ತುತ್ತಿರಲಿಲ್ಲ. ಆಗಲೇ ಚುಚ್ಚಿದ್ದ ಹಸುವಿಗೇ ಮತ್ತೆ ಸೂಜಿ ಚುಚ್ಚಹೋದಾಗ, ಹಗ್ಗ ಹಿಡಿದಿದ್ದವರು ಹುಷಾರಿಲ್ಲವಾ ಎಂದು ವಿಚಾರಿಸಿದರು. ಪ್ರತಿದಿನ ಅಳಿಯನಿಗೆ ಫೋನ್ ಮಾಡಬೇಕೆಂದುಕೊಳ್ಳುತ್ತಿದ್ದೆ. ಪ್ರತಿದಿನ ಹೇಳುವುದು ಹಿಂದಿನ ದಿನಕ್ಕಿಂತ ಕಷ್ಟವಾಗುತ್ತಿತ್ತು.

ಮೂರನೆಯ ವಾರ ಒಂದು ದಿನ ಬೆಳಿಗ್ಗೆ ಯಜಮಾನರು ಟಗರೊಂದನ್ನು ಹಿಡಿದುಕೊಂಡು ಆಸ್ಪತ್ರೆಗೆ ಬಂದರು. ಗೊರಸಿನ ಗಾಯ ತೊಳೆಯುತ್ತ ನಾನೇ, ಗಾಡಿ ಹೇಗಿದೆಯಂತೆ ಎಂದು ಕೇಳಿದೆ.

“ಚೆನ್ನಾಗೈತಂತೆ ಡಾಕ್ಟ್ರಮ್ಮ. ಬ್ರೇಕ್ ಮಾತ್ರ ಒಂದೊಂದ್ಸಲ ಒಳಕ್ಕೋಗ್ತತೆ ಅಂದ. ಹೊಸದಾಗಿ ತಗಂಡಿದೀಯ, ಕಾಲಿಗೆ ರೂಢಿ ಆಗ್ಬೇಕು ಅಂದೆ. ಇವತ್ತು ದುರ್ಗಕ್ಕೆ ಹೋಗ್ಯವ್ರೆ, ನಮ್ ಹುಡುಗಿನೂ ಕೂಸು ಎತ್ಕಂಡು ಹೋಗೈತೆ.”

ನನ್ನ ಕೈಯಲ್ಲಿದ್ದ ಔಷಧಿಯ ಬಾಟಲಿ ಟಗರಿನ ಕಾಲ ಮೇಲೆ ಬಿತ್ತು. ಅಳಿಯನಿಗೆ ಫೋನ್ ಮಾಡಿದೆ. ರಿಂಗಾಯಿತು, ಎತ್ತಲಿಲ್ಲ. ಮಗಳ ನಂಬರ್ ಕೇಳಿ ಪಡೆದು ಮಾಡಿದೆ, ಅದು ಸ್ವಿಚ್ ಆಫ್ ಆಗಿತ್ತು. ಯಜಮಾನರು ನನ್ನ ಮುಖ ನೋಡುತ್ತಿದ್ದರು. ದುರ್ಗಕ್ಕೆ ಹೋದವರು ಆದಿವಾಲದ ಮನೆಗೇ ಮರಳಬೇಕು, ಅಲ್ಲಿಗೇ ಹೋಗಿ ಕಾಯುವುದೆಂದುಕೊಂಡೆ. ಆದಿವಾಲದಲ್ಲಿ ತುರ್ತು ಕೆಲಸವಿದೆ ಎಂದಷ್ಟೇ ಹೇಳಿ, ಅರ್ಧ ದಿನ ರಜೆ ಬರೆದಿಟ್ಟು, ಔಷಧದ ಚೀಲ ಹೆಗಲಿಗೇರಿಸಿ ಹಿರಿಯೂರಿನ ಬಸ್ ಹತ್ತಿದೆ.

ಆ ಬಸ್ಸು ಕೈ ತೋರಿಸಿದಲ್ಲೆಲ್ಲ ನಿಂತಿತು. ಮತ್ತೆ ಮತ್ತೆ ಫೋನ್ ಮಾಡಿದೆ. ಹಿರಿಯೂರು ಹತ್ತಿರವಾದಾಗ ರಸ್ತೆಯಲ್ಲಿ ಜನ ಗುಂಪುಗೂಡಿದ್ದರು. ಬಸ್ಸು ನಿಧಾನವಾಯಿತು. ಗುಂಪಿನ ನಡುವೆ ಬಿಳಿ ಬಣ್ಣದ ವಾಹನವೊಂದು ಮಗುಚಿ ಬಿದ್ದದ್ದು ಕಂಡಿತು. ನಮ್ಮ ಕಾರೂ ಬಿಳಿಯದೇ. ನಾನು ಎದ್ದು ನಿಂತು ಮುಂದಿನ ಸೀಟಿನ ಕಂಬಿ ಹಿಡಿದುಕೊಂಡೆ. ಹತ್ತಿರ ಹೋದಾಗ ಅದು ಕಲ್ಲಂಗಡಿ ತುಂಬಿದ್ದ ಗೂಡ್ಸ್ ಗಾಡಿ. ಡ್ರೈವರು ಪಕ್ಕದಲ್ಲೇ ನಿಂತು ಯಾರಿಗೋ ಫೋನಿನಲ್ಲಿ ಬೈಯುತ್ತಿದ್ದ. ನನಗೆ ಸಮಾಧಾನವಾಗಲಿಲ್ಲ. ಇಲ್ಲಿ ಅಲ್ಲದಿದ್ದರೆ ಇನ್ನೆಲ್ಲಿ ಎಂದೇ ಮನಸ್ಸು ಹುಡುಕುತ್ತಿತ್ತು.

ಆದಿವಾಲದ ಆ ಮನೆಯಲ್ಲಿ ಅಳಿಯನ ತಂದೆಯೊಬ್ಬರೇ ಇದ್ದರು. ದುರ್ಗದಿಂದ ಇನ್ನೂ ಬಂದಿರಲಿಲ್ಲ. ಸಾಮಾನ್ಯವಾಗಿ ಮಧ್ಯಾಹ್ನಕ್ಕೆಲ್ಲ ಬಂದುಬಿಡುತ್ತಾರೆ, ಇವತ್ತು ಯಾಕೋ ತಡ ಎಂದರು. ನಾನು ಕುರಿ ನೋಡಲು ಬಂದಿರುವೆನೆಂದೇ ಅವರು ತಿಳಿದರು. ಹೊಟ್ಟೆ ಉಬ್ಬರಿಸಿದ ಮರಿಯೊಂದನ್ನು ತಂದು ನನ್ನ ಮುಂದೆ ನಿಲ್ಲಿಸಿದರು. ಮರಿಗೆ ಔಷಧ ಕುಡಿಸಿ, ಅದರ ಹೊಟ್ಟೆ ನೀವುತ್ತ ರಸ್ತೆ ನೋಡುತ್ತ ಕೂತೆ. ಅವರು ಚಹಾ ಮಾಡಿ ತಂದರು. ಮಗ ಗಾಡಿ ತಂದ ಮೇಲೆ ತಮ್ಮ ಹೆಂಡತಿ ಹೊಟ್ಟೆ ತುಂಬ ಊಟ ಮಾಡುತ್ತಿದ್ದಾಳೆ, ಬಸ್ಸಿನ ಕುಲುಕಾಟ ತಪ್ಪಿತಲ್ಲ ಎಂದು ಹೇಳಿ, ನನಗೆ ಪುಣ್ಯ ಬರಲಿ ಅಂದರು. ನಾನು ಆ ಚಹಾ ಕುಡಿಯಲಾಗದೆ ಹಾಗೇ ಇಟ್ಟೆ. ಮೂರು ಗಂಟೆಯಾಯಿತು. ಮೂರೂವರೆಯಾಯಿತು. ಫೋನ್ ಈಗಲೂ ಎತ್ತುತ್ತಿರಲಿಲ್ಲ.

ನಾಲ್ಕು ಗಂಟೆಯ ಹೊತ್ತಿಗೆ ಕಾರು ಬಂತು. ಬೇವಿನ ಮರದ ಕೆಳಗೆ ನಿಂತಿತು. ಅಳಿಯ ಇಳಿದು ತಾಯಿಯನ್ನು ಕೈ ಹಿಡಿದು ಇಳಿಸಿದ. ನಾನು ನೆನೆಸಿಕೊಂಡದ್ದಕ್ಕಿಂತ ಆಕೆ ಸಣ್ಣಗಿದ್ದರು. ಆಸ್ಪತ್ರೆಯಲ್ಲಿ ಜನ ಹೆಚ್ಚಿತ್ತು, ಫೋನು ಸೈಲೆಂಟಿನಲ್ಲಿ ಗಾಡಿಯಲ್ಲೇ ಉಳಿದಿತ್ತು ಎಂದು ಅವನು ತಂದೆಗೆ ಹೇಳುತ್ತಿದ್ದ. ಆಗ ನನ್ನನ್ನು ನೋಡಿದ. ಕುಂತ್ಕಳ್ರಿ ಎಂದ. ನಾನು ಕೂರಲಿಲ್ಲ. ಕೂತರೆ ಹೇಳುವುದಿಲ್ಲವೆಂದು ನನಗೆ ಗೊತ್ತಿತ್ತು.

“ಈ ಗಾಡಿ ಬ್ರೇಕು ಎರಡು ಸಲ ನನ್ನ ಕೈಯಾಗೇ ಹೋಗಿತ್ತು,” ಎಂದೆ. “ನಂಗೆ ಗೊತ್ತಿತ್ತು. ನೀನು ಕೇಳ್ದಾಗ ಮುಚ್ಚಿಟ್ಟೆ.”

ತಂದೆ ಅರ್ಥವಾಗದೆ ಮಗನ ಮುಖ ನೋಡಿದರು. ಅವನ ಹೆಂಡತಿ, ಮಾಡದಕೆರೆಯ ಯಜಮಾನರ ಮಗಳು, ಕಾರಿನ ಹಿಂದಿನ ಬಾಗಿಲನ್ನು ಪೂರ್ತಿ ತೆಗೆದಳು. ಸೀಟಿನ ಮೇಲೆ ಮಗು ಮಲಗಿತ್ತು.

“ನನ್ ಮಗು ಇಲ್ಲಿ ಮಕ್ಕಂಡೈತೆ,” ಎಂದಳು. “ನೋಡ್ರಿ.”

ನೋಡಿದೆ. ಅವಳು ಮಗುವನ್ನು ಎತ್ತಿಕೊಂಡು, ಅತ್ತೆಯನ್ನು ಕರೆದುಕೊಂಡು ಒಳಗೆ ಹೋದಳು. ಅಳಿಯ ಕಾರಿನ ಸುತ್ತ ಒಂದು ಸಲ ನಡೆದ. ಬೀಗದ ಕೈಯನ್ನು ನನ್ನ ಮುಂದೆ ಹಿಡಿದ.

“ಮೆಕ್ಯಾನಿಕ್ ಶೆಡ್ಡು ಊರ ಬಾಗ್ಲಾಗೇ ಐತೆ. ನೀವೇ ಓಡಿಸ್ರಿ. ನಾನು ಪಕ್ಕದಾಗೆ ಕುಂತ್ಕಂತೀನಿ.”

ಮೆಕ್ಯಾನಿಕ್ಕನ್ನೇ ಇಲ್ಲಿಗೆ ಕರೆಸೋಣ ಎನ್ನಬಹುದಿತ್ತು. ಅದು ಸರಿಯಾದ ಮಾತೂ ಹೌದು. ಆದರೆ ಅವನ ತಾಯಿ ಮೂರು ವಾರ ಅದರಲ್ಲಿ ಓಡಾಡಿದ್ದರು, ಅಂದು ಹೆಂಡತಿ, ಮಗುವೂ ಹೋಗಿಬಂದಿದ್ದರು, ನಾನು ಹೇಗೆ ಹಾಗೆನ್ನಲಿ? ಹತ್ತಿ ಕೂತೆ. ಸೀಟು, ಕನ್ನಡಿ ಎಲ್ಲ ಅವನ ಅಳತೆಗೆ ಸರಿಸಿತ್ತು. ಫಸ್ಟ್ ಗೇರಿನಲ್ಲಿ, ಎಡಗೈಯನ್ನು ಹ್ಯಾಂಡ್‌ಬ್ರೇಕಿನ ಮೇಲಿಟ್ಟುಕೊಂಡು ಹೊರಟೆ. ಸೈಕಲ್ಲುಗಳು ನಮ್ಮನ್ನು ದಾಟಿ ಹೋದವು. ಬೀದಿಯಲ್ಲಿ ಕೋಳಿ, ಜಗುಲಿಯಲ್ಲಿ ಕೂತ ಜನ, ನಲ್ಲಿಯ ಹತ್ತಿರ ಕೊಡ ಇಟ್ಟುಕೊಂಡ ಹೆಂಗಸರು, ಎಲ್ಲರೂ ನನ್ನ ಬಂಪರಿನ ಮುಂದೆಯೇ ಇರುವಂತೆ ಕಾಣುತ್ತಿದ್ದರು. ಬ್ರೇಕ್ ತುಳಿದೆ, ಹಿಡಿಯಿತು. ಮತ್ತೆ ತುಳಿದೆ, ಹಿಡಿಯಿತು. ಬೆವರು ಕಣ್ಣಿಗಿಳಿಯುತ್ತಿತ್ತು. ಶೆಡ್ಡಿನ ಮುಂದಿನ ಇಳಿಜಾರಿನಲ್ಲಿ ಮೂರನೆಯ ಸಲ ತುಳಿದಾಗ ಪೆಡಲ್ ಮೆತ್ತಗೆ ಒಳಕ್ಕೆ ಇಳಿಯತೊಡಗಿತು. ಹ್ಯಾಂಡ್‌ಬ್ರೇಕ್ ಎಳೆದೆ. ಗಾಡಿ ಕುಲುಕಿ ನಿಂತಿತು. ಅಳಿಯ ನನ್ನ ಪಾದದ ಕಡೆಗೇ ನೋಡುತ್ತಿದ್ದ. ಹಣೆಯ ಬೆವರು ಒರೆಸಿಕೊಂಡು ಬಾಗಿಲು ತೆಗೆದು ಇಳಿದ.

ಮೆಕ್ಯಾನಿಕ್ ಬಾನೆಟ್ಟಿನ ಒಳಗಿಂದ ಮಾಸ್ಟರ್ ಸಿಲಿಂಡರ್ ಬಿಚ್ಚಿ ತೆಗೆದ. ಪೆಡಲ್ ತುಳಿದಾಗ ಆಯಿಲನ್ನು ಗಾಲಿಗಳ ಕಡೆಗೆ ತಳ್ಳುವ ಭಾಗ ಅದು. ಒಳಗಿನ ರಬ್ಬರ್ ವಾಷರು ಸವೆದು ಹೋಗಿತ್ತು. ಹೊರಗೆ ಒಂದು ಹನಿಯೂ ಸೋರುವುದಿಲ್ಲ, ಒಳಗೊಳಗೇ ಜಾರುತ್ತದೆ, ಅದಕ್ಕೇ ಯಾರಿಗೂ ಕಾಣುವುದಿಲ್ಲ ಎಂದ. ಇದರಲ್ಲಿ ಎಲ್ಲಿಗೆ ಹೋಗಿದ್ರಿ ಎಂದು ಕೇಳಿದ. ದುರ್ಗಕ್ಕೆ ಎಂದಾಗ ಅವನು ವಾಷರನ್ನು ಅಳಿಯನ ಅಂಗೈಗೆ ಹಾಕಿದ.

ಹೊಸ ಭಾಗ ಮರುದಿನ ಹಿರಿಯೂರಿನಿಂದ ಬರಬೇಕಿತ್ತು. ಖರ್ಚು ನನ್ನದು ಎಂದೆ, ಬೇಕಾದರೆ ಗಾಡಿಯನ್ನೇ ವಾಪಸ್ ತೆಗೆದುಕೊಳ್ಳುತ್ತೇನೆ ಎಂದೆ. ಅಳಿಯ ಆ ವಾಷರನ್ನು ಜೇಬಿಗೆ ಹಾಕಿಕೊಂಡ.

“ಗಾಡಿ ಬೇಕು. ಅಮ್ಮನ್ನ ಬಸ್ನಾಗೆ ಕರ್ಕಂಡು ಹೋಗಾಕಾಗಲ್ಲ. ಇದನ್ನ ಸರಿ ಮಾಡ್ಸಿ ಕೊಡ್ರಿ. ಆಮ್ಯಾಕೆ ನಮ್ಮನೆ ಕಡೆ ಬರಬ್ಯಾಡ್ರಿ.”

ಆಗಲಿ ಎಂದೆ. ಬಸ್ ನಿಲ್ದಾಣದವರೆಗೆ ಅವನು ನನ್ನ ಜೊತೆ ಬರಲಿಲ್ಲ.

ಮನೆಗೆ ಬಂದು ಕಾಲು ತೊಳೆದು, ಗಂಡನಿಗೆ ಎಲ್ಲವನ್ನೂ ಹೇಳಿದೆ. ಕುರಿಮಂದೆಯ ದಿನವನ್ನೂ ಹೇಳಿದೆ. ಅವರು ಉತ್ತರ ಪತ್ರಿಕೆ ತಿದ್ದುತ್ತಿದ್ದವರು ಪೆನ್ನು ಕೆಳಗಿಟ್ಟರು. ಬೈಯುತ್ತಾರೆಂದು ಕಾದೆ. ಅವರು ದಿನಗಳನ್ನು ಲೆಕ್ಕ ಹಾಕುತ್ತಿದ್ದರು ಅಂತ ಕಾಣುತ್ತದೆ.

“ಅದಾದ ಮೇಲೆ ಮದುವೆಗೆ ಅಂತ ದುರ್ಗಕ್ಕೆ ಹೋಗಿದ್ವಲ್ಲ,” ಎಂದರು. “ನನ್ನನ್ನೂ ಅಮ್ಮನ್ನೂ ಕೂರಿಸ್ಕೊಂಡು ನೀನೇ ಓಡಿಸಿದ್ದೆ.”

ಹೌದು, ಓಡಿಸಿದ್ದೆ. ಆ ಪ್ರಯಾಣವನ್ನು ನಾನು ಮರೆತೇಬಿಟ್ಟಿದ್ದೆ. ಆದಿವಾಲದವರಿಗಾಗಿ ಮೂರು ವಾರ ನಡುಗಿದವಳಿಗೆ, ನನ್ನ ಗಂಡನನ್ನೂ ಅತ್ತೆಯನ್ನೂ ಅದರಲ್ಲಿ ಕೂರಿಸಿಕೊಂಡು ಹೆದ್ದಾರಿಗೆ ಹೋಗಿಬಂದದ್ದು ನೆನಪೇ ಆಗಿರಲಿಲ್ಲ. ಆ ಕ್ಷಣ ನನ್ನ ಬಗ್ಗೆಯೇ ನನಗೆ ಹುಟ್ಟಿದ ಭಯ ಹಿಂದೆ ಯಾವ ಗಾಡಿಯ ಬಗ್ಗೆಯೂ ಹುಟ್ಟಿರಲಿಲ್ಲ.

ಎರಡು ದಿನ ಕಳೆದು ಅಳಿಯನಿಂದ ಫೋನ್ ಬಂತು. ಬ್ರೇಕ್ ಸರಿಯಾಯ್ತು, ತಾಯಿಯನ್ನು ಕರೆದುಕೊಂಡು ಹೋಗಿ ಬಂದೆವು ಎಂದಷ್ಟೇ ಹೇಳಿ ಇಟ್ಟ. ಆರ್‌ಸಿ ಅವನ ಹೆಸರಿಗಾಯಿತು. ಅವನ ಮಾವ ಎರಡು ತಿಂಗಳು ನನ್ನ ಆಸ್ಪತ್ರೆಯ ಕಡೆ ಬರಲಿಲ್ಲ. ಬೀಗತಿಯ ಆರೋಗ್ಯ ಹೇಗಿದೆ ಎಂದು ಅವರನ್ನು ಕೇಳಬೇಕೆಂದು ದಿನಾ ಅನಿಸುತ್ತಿತ್ತು. ಆಮೇಲೆ ಒಂದು ದಿನ ಮಂದೆಗೆ ಲಸಿಕೆ ಹಾಕಿಸಲು ಬಂದರು. ಕುರಿಗಳನ್ನು ಒಂದೊಂದಾಗಿ ಹಿಡಿದುಕೊಟ್ಟರು, ನಾನು ಸೂಜಿ ಹಾಕುತ್ತ ಹೋದೆ. ಇಬ್ಬರೂ ಕುರಿಗಳ ವಿಷಯ ಬಿಟ್ಟು ಬೇರೇನೂ ಮಾತಾಡಲಿಲ್ಲ.