ಗೋಬರ್ ಗ್ಯಾಸಿಗೆ ಹೆಪ್ಪು

ಹೊಸನಗರದ ಬಸ್ ಸ್ಟ್ಯಾಂಡಿನಲ್ಲಿ ಈಗಷ್ಟೇ ನೆಲ ಒರೆಸಿ ಹೋದರು. ಫಿನಾಯಿಲ್ ವಾಸನೆ ಮೂಗಿಗೆ ಬಡಿಯುತ್ತಲೇ ಎದ್ದು ಹೋಗಿ ನಲ್ಲಿಯಡಿ ಚಪ್ಪಲಿ ತೊಳೆದುಕೊಂಡು ಬಂದೆ. ಪಕ್ಕದಲ್ಲಿ ಕೂತ ಹೆಂಗಸು ನನ್ನನ್ನೇ ನೋಡುತ್ತಿದ್ದಾರೆ. ಸ್ವಚ್ಛವಾದ ನೆಲ ತುಳಿದದ್ದಕ್ಕೆ ಚಪ್ಪಲಿ ತೊಳೆಯುವ ಮುದುಕನನ್ನು ಇನ್ನು ಹೇಗೆ ನೋಡಬೇಕು? ತೀರ್ಥಹಳ್ಳಿ ಬಸ್ಸಿಗೆ ಹೊತ್ತಿದೆ, ನಿಮಗಾದರೂ ಕಾರಣ ಹೇಳಿಬಿಡುತ್ತೇನೆ.

ನಾನು ಹೈಸ್ಕೂಲು ಮುಗಿಸಿದವನು. ವಿಜ್ಞಾನದ ಪಾಠದಲ್ಲಿ ತಲೆಯಲ್ಲಿ ಉಳಿದದ್ದು ಒಂದೇ: ಬ್ಯಾಕ್ಟೀರಿಯಾ ಅಂದರೆ ಕಾಯಿಲೆ, ಕಂಡಲ್ಲಿ ಕೊಲ್ಲಬೇಕು. ಕಣ್ಣಿಗೆ ಕಾಣದ್ದನ್ನು ಕಂಡಲ್ಲಿ ಕೊಲ್ಲುವುದು ಹೇಗೆಂದು ನಾನೂ ಕೇಳಲಿಲ್ಲ, ಮೇಷ್ಟರೂ ಹೇಳಲಿಲ್ಲ. ಊಟಕ್ಕೆ ಮೊಸರಿಲ್ಲದಿದ್ದರೆ ಮುಖ ಊದಿಸಿಕೊಳ್ಳುವ ನನಗೆ, ಆ ಮೊಸರೂ, ಗೋಬರ್ ಗ್ಯಾಸೂ ಅವುಗಳದೇ ಕೆಲಸವೆಂದು ಹೊಳೆದದ್ದು ತಲೆ ನೆರೆತ ಮೇಲೆ.

ನಮ್ಮ ಹಿತ್ತಲಿನ ಗೋಬರ್ ಗ್ಯಾಸ್ ಗುಂಡಿ ಕಟ್ಟಿದವನು ಪುಟ್ಟಪ್ಪ. ತೀರ್ಥಹಳ್ಳಿ ಕಡೆಯವನು, ಹೈಸ್ಕೂಲಿನಲ್ಲಿ ನನ್ನ ಬೆಂಚಿನ ಗೆಳೆಯ. ಇಟ್ಟಿಗೆಯ ಗುಮ್ಮಟ ಮುಗಿದ ದಿನ ತನ್ನ ಮನೆಯ ಗುಂಡಿಯಿಂದ ಎರಡು ಕ್ಯಾನ್ ಬಗ್ಗಡ ತಂದು ನಮ್ಮ ಸಗಣಿ ನೀರಿಗೆ ಸುರಿದ.

“ಹೆಪ್ಪು ಕಣಾ ಇದು. ಬೆಚ್ಚಗಿರ್ಬೇಕು, ಗಾಳಿ ಹೋಗ್ಬಾರ್ದು, ಸಗಣಿಯಷ್ಟೇ ನೀರು ಹಾಕ್ಬೇಕು. ಬಸುರಿ ನೋಡ್ಕಂಡಂಗೆ ನೋಡ್ಕ” ಎಂದ.

ಕೆಲವೇ ವಾರಗಳಲ್ಲಿ ಒಲೆಯಲ್ಲಿ ನೀಲಿ ಉರಿ ಬಂತು. ಮಳೆಗಾಲದ ಥಂಡಿಗೆ ಉರಿ ಸಣ್ಣಗಾದರೆ ಗುಮ್ಮಟದ ಮೇಲೆ ಒಣ ಎಲೆ, ಗೊಬ್ಬರ ಒಟ್ಟಿ ಬೆಚ್ಚಗೆ ಹೊದಿಸುತ್ತಿದ್ದೆವು. ಒಮ್ಮೆ ಹಲಸಿನ ಕಾಲದಲ್ಲಿ ನಾನು ಹಣ್ಣಿನ ಕಸವನ್ನೆಲ್ಲ ಅದಕ್ಕೇ ಸುರಿದು, ಗುಂಡಿ ಹುಳಿಯೇರಿ ಗ್ಯಾಸು ಮುನಿಸಿಕೊಂಡಿತ್ತು. “ನಿಮ್ ಹಂಗೇ ನೋಡಿ, ಹಲಸು ಜಾಸ್ತಿಯಾದ್ರೆ ಅದಕ್ಕೂ ಅಜೀರ್ಣ” ಎಂದು ನನ್ನ ಹೆಂಡತಿ ಸರೋಜ ನಕ್ಕಿದ್ದಳು.

ಆಮೇಲೆ ಮಗಳನ್ನು ನೋಡಲು ಸಾಗರದಿಂದ ಗಂಡಿನ ಕಡೆಯವರು ಬರುವುದೆಂದಾಯಿತು. ಕೊಟ್ಟಿಗೆಯ ವಾಸನೆ ಅವರ ಮೂಗಿಗೆ ತಾಗಬಾರದೆಂದು ನಾನು ಫಿನಾಯಿಲ್ ತಂದು ಧಾರಾಳವಾಗಿ ಸುರಿದು ತೊಳೆದೆ. ಕೊಟ್ಟಿಗೆಯ ನೀರು ಹರಿಯುವುದು ಗುಂಡಿಗೇ. ಅದೂ ಚೊಕ್ಕಟವಾಗಲೆಂದು ಉಳಿದ ಬಾಟಲಿಯನ್ನು ಗುಂಡಿಯ ಬಾಯಿಗೇ ಬಗ್ಗಿಸಿದೆ.

ನೆಂಟಸ್ತಿಕೆ ಕುದುರಿತು, ಗ್ಯಾಸು ಸತ್ತಿತು. ಬೀಗರು ಮತ್ತೆ ಬಂದಾಗ ಸರೋಜ ಹೊಗೆಯಲ್ಲಿ ಕೆಮ್ಮುತ್ತ ಸೌದೆ ಊದುತ್ತಿದ್ದಳು. ನನಗೆ ಅವಮಾನವಾಗಿ, ಮರುದಿನ ನಮ್ಮೂರ ಚಾ ಅಂಗಡಿಯಲ್ಲಿ ಎಲ್ಲರಿಗೂ ಕೇಳುವಂತೆ, “ಪುಟ್ಟಪ್ಪ ಕಟ್ಟಿದ ಗುಮ್ಮಟ ಸೋರ್ತದೆ. ಅವನ ಹತ್ರ ಯಾರೂ ಕಟ್ಟಿಸ್ಬೇಡಿ” ಎಂದೆ. ಬೇರೆ ಮನೆಯ ಕೆಲಸಕ್ಕೆ ಬಂದಿದ್ದ ಪುಟ್ಟಪ್ಪ ನನ್ನ ಬೆನ್ನ ಹಿಂದೆಯೇ ಚಾ ಕುಡಿಯುತ್ತಿದ್ದ.

“ಗುಮ್ಮಟ ಸೋರಲ್ಲ ಮಾರಾಯ, ಸೋರೋದು ನಿನ್ ಬಾಯಿ” ಎಂದು ಲೋಟ ಇಟ್ಟು ಹೋದ. ಮತ್ತೆ ನಮ್ಮೂರಲ್ಲಿ ಯಾರೂ ಅವನನ್ನು ಕೆಲಸಕ್ಕೆ ಕರೆಯಲಿಲ್ಲ.

ಮದುವೆ ಮುಗಿದ ಮೇಲೆ ಸರೋಜ ಗುಂಡಿ ಖಾಲಿ ಮಾಡಿಸಿ, ಹೊಸ ಸಗಣಿ ತುಂಬಿಸಿ, ಎಲ್ಲಿಗೋ ಹೋಗಿ ಎರಡು ಕ್ಯಾನ್ ಬಗ್ಗಡ ತಂದಳು. “ಎಲ್ಲಿಂದ ತಂದ್ಯೇ?” ಎಂದರೆ, “ಪುಟ್ಟಪ್ಪಣ್ಣನ ಹೆಂಡ್ತಿ ಕೊಟ್ಳು” ಎಂದಳು. ಉರಿ ಬಂದ ದಿನ ಫಿನಾಯಿಲಿನ ಆ ಖಾಲಿ ಬಾಟಲಿಯನ್ನು ನನ್ನ ಮುಂದಿಟ್ಟು, “ಗುಮ್ಮಟ ಸೋರಿದ್ರೆ ಈಗ ಹೆಂಗೆ ಉರೀತದೆ? ಹೋಗಿ ಒಂದು ಮಾತು ಹೇಳ್ಬನ್ನಿ” ಎಂದಳು. ನಾಳೆ ಹೋಗ್ತೀನಿ ಎಂದೆ. ಆ ನಾಳೆ ಬರುವಷ್ಟರಲ್ಲಿ ಮೊಮ್ಮಕ್ಕಳು ಕಾಲೇಜು ಸೇರಿದರು.

ಈ ವರ್ಷ ಸರೋಜಳೇ ಸುದ್ದಿ ತಂದಳು. ದನ ಮಾರಿ ಗುಂಡಿ ಒಣಗಿಸಿಕೊಂಡಿದ್ದ ಪುಟ್ಟಪ್ಪ ಮತ್ತೆ ಹಸು ತಂದಿದ್ದಾನಂತೆ. ಸುತ್ತಮುತ್ತ ಎಲ್ಲರದೂ ಸಿಲಿಂಡರ್, ಹೆಪ್ಪಿಗೆ ಬಗ್ಗಡ ಸಿಗುತ್ತಿಲ್ಲ. ನಮ್ಮ ಗುಂಡಿಯಲ್ಲಿ ಇರುವುದು ಅವನ ಮನೆಯ ಹೆಪ್ಪೇ ತಾನೆ? ಕ್ಯಾನ್ ತುಂಬಿಸಿ ಬಸ್ಸು ಹತ್ತಿದೆ.

“ಎಂತ ಅಜ್ಜಾ ಅದು?” ಎಂದ ಕಂಡಕ್ಟರ್.

“ಹೆಪ್ಪು.”

“ಮೊಸರಿಂದಂತೂ ಅಲ್ಲ ಬಿಡಿ!”

ಅವನ ಮನೆಯ ಅಂಗಳದಲ್ಲಿ ನಿಂತೇ ಹೇಳಿದೆ: “ಪುಟ್ಟಪ್ಪ, ನಿನ್ನ ಗುಮ್ಮಟ ಸೋರಿರ್ಲಿಲ್ಲ. ಫಿನಾಯಿಲ್ ಸುರಿದವ ನಾನು. ಗೊತ್ತಾದ ಮೇಲೂ ಬಾಯಿ ಬಿಡ್ಲಿಲ್ಲ.”

ಅವನು ಮುಚ್ಚಳ ತೆಗೆದು ಮೂಸಿ ನೋಡಿದ. “ನಿಮ್ಮೂರ ಚಾ ಅಂಗಡೀಲಿ ಹೇಳ್ದ್ಯಾ ಇದ್ನ?”

“ಇಲ್ಲ.”

“ಅಲ್ಲಿ ಹೇಳು. ಚಾ ಆಮೇಲೆ.” ಕ್ಯಾನ್ ಮಾತ್ರ ಒಳಗೆ ಒಯ್ದ.

ಮರುದಿನವೇ ಹೇಳಿದೆ, ಅದೇ ಅಂಗಡಿಯಲ್ಲಿ, ಅಷ್ಟೇ ದೊಡ್ಡ ಧ್ವನಿಯಲ್ಲಿ. ಅಂಗಡಿಯೇ ನಕ್ಕಿತು. ಈಗ ನಮ್ಮೂರಲ್ಲಿ ನಾನು ಫಿನಾಯಿಲ್ ಅಜ್ಜ. ಹೆಸರು ಬಿದ್ದ ದಿನ ನಿದ್ದೆ ಚೆನ್ನಾಗಿ ಬಂತು.

ನಿನ್ನೆ ಪುಟ್ಟಪ್ಪನ ಫೋನ್ ಬಂತು. “ಉರೀತು ಮಾರಾಯ. ನಿಮ್ಮೂರ ಸುದ್ದೀನೂ ಬಂತು. ಚಾ ಕುಡಿಯಕ್ಕೆ ಬಾ. ಫಿನಾಯಿಲ್ ಮೆಟ್ಕಂಡು ಮಾತ್ರ ಬರ್ಬ್ಯಾಡ.”

ಅಗೋ, ಬಸ್ಸು ಬಂತು. ಅದೇ ಕಂಡಕ್ಟರ್. “ಅಜ್ಜಾ, ಇವತ್ತು ಹೆಪ್ಪು ಇಲ್ವಾ?” ಎಂದು ಬಾಗಿಲಿನಿಂದಲೇ ಕೂಗುತ್ತಿದ್ದಾನೆ.

“ಹಾಕಿ ಆಗಿದೆ ಮಾರಾಯ. ಒಂದು ನಿಮಿಷ ನಿಲ್ಸು” ಎಂದು ನಾನು ಮತ್ತೆ ನಲ್ಲಿಯ ಕಡೆ ಹೊರಟಿದ್ದೇನೆ. ಚಪ್ಪಲಿ ಇನ್ನೊಂದು ಸಲ ತೊಳೆದುಬಿಡುವುದೇ ಒಳ್ಳೆಯದು.