ಅಜ್ಜಿಯ ಮನೆಯ ರಕ್ತ

ನನ್ನ ಮಗಳು ಮಾದೇವಿಗೆ ವರ್ಷ ತುಂಬುವ ಮೊದಲೇ ಕೈಬೆರಳು ಊದಿಕೊಂಡವು. ಮುಟ್ಟಿದರೆ ಚೀರುತ್ತಿದ್ದಳು. ಆಮೇಲೆ ಕಾಲು. ಕಣ್ಣು ಹಳದಿ. ಮೂರು ವರ್ಷ ಹೀಗೇ ಕಳೆಯಿತು.

ನನ್ನನ್ನು ಕೊಟ್ಟಿದ್ದು ಅವ್ವನ ತಮ್ಮನಿಗೆ. ಹಾಗಾಗಿ ನನ್ನ ಅಜ್ಜಿಯೇ ನನಗೆ ಅತ್ತೆ. ಪಣಕಹಳ್ಳಿಯಲ್ಲಿ ಇದನ್ನು ಭಾಗ್ಯ ಅನ್ನುತ್ತಾರೆ. ಅನ್ನುವವರು ಬಂದು ಒಂದು ದಿನ ಬಾಳಿ ನೋಡಲಿ. ಮಗು ಅತ್ತಾಗಲೆಲ್ಲ ಅಜ್ಜಿಯದು ಒಂದೇ ಮಾತು: "ನಿಮ್ಮಪ್ಪನ ಕಡೆ ಕೆಟ್ಟ ರಕ್ತ ಕಣವ್ವ ಇದು. ನಮ್ ಮನೇಲಿ ಇಂಗೆ ಯಾರ್ಗೂ ಇರ್ನಿಲ್ಲ." ನಾನು ಈಗಲೂ ಮಾವ ಎಂದೇ ಕರೆಯುವ ನನ್ನ ಗಂಡ ತಲೆ ತಗ್ಗಿಸಿ ಮುದ್ದೆ ನುಂಗುತ್ತಿದ್ದರು.

ಕೊನೆಗೆ, ೧೯೬೦ರಲ್ಲಿ, ಮೈಸೂರಿನ ಆಸ್ಪತ್ರೆಯೊಂದಕ್ಕೆ ಹೋದೆವು. ಲೇಡಿ ಡಾಕ್ಟರ್ ಮಗುವಿನ ರಕ್ತ ತೆಗೆದು ಮೈಕ್ರೋಸ್ಕೋಪಿನಲ್ಲಿ ನೋಡಿದರು. ನಮ್ಮಿಬ್ಬರದನ್ನೂ ನೋಡಿದರು.

ಸಿಕಲ್ ಸೆಲ್.

ರಕ್ತದ ಕಣ ಕುಡುಗೋಲಿನ ಹಾಗೆ ಬಾಗಿ ನರಗಳಲ್ಲಿ ಸಿಕ್ಕಿಕೊಳ್ಳುತ್ತದಂತೆ. ಡಾಕ್ಟರ್ ಚೀಟಿಯ ಹಿಂದೆ ಒಂದು ಮಣಿಸರ ಬರೆದರು. ರಕ್ತದ ಕೆಂಪು ಪ್ರೋಟೀನ್ ಇಂಥದೊಂದು ಸರ. ಯಾವ ಮಣಿಯ ಪಕ್ಕ ಯಾವ ಮಣಿ ಎಂಬ ಅಪ್ಪಣೆ ಅಪ್ಪ ಅವ್ವ ಇಬ್ಬರಿಂದಲೂ ಬರುತ್ತದೆ. ಅಪ್ಪಣೆ ತಪ್ಪಾಗಿದ್ದರೂ ಮೈ ಕೇಳದೆ ಹಾಗೇ ಪೋಣಿಸುತ್ತದೆ. ನೂರಾರು ಮಣಿಗಳಲ್ಲಿ ಒಂದರ ಜಾತಿ ಬದಲಾಗಿತ್ತು, ಅಷ್ಟೇ. ಅಷ್ಟಕ್ಕೇ ನನ್ನ ಮಗಳ ಮೂಳೆ ಹೀಗೆ ನೋಯಬೇಕೇ? ಆ ಚೀಟಿಯನ್ನು ಹರಿದೆಸೆಯುವಷ್ಟು ಸಿಟ್ಟು ಬಂತು.

"ಆ ಅಪ್ಪಣೆ ತಿದ್ಬುಡಿ ಡಾಕ್ಟ್ರೇ" ಎಂದೆ.

"ಅದು ಮೈಯೊಳಗೆ ಹೇಗೆ ಬರೆದಿದೆ ಅಂತ ಓದೋಕೇ ಇನ್ನೂ ಯಾರಿಗೂ ಬಂದಿಲ್ಲಮ್ಮ" ಅಂದರು. "ತಪ್ಪು ಅಪ್ಪಣೆ ಒಬ್ಬರಿಂದ ಮಾತ್ರ ಬಂದಿದ್ರೆ ಮಗು ಹೀಗೆ ನರಳ್ತಿರಲಿಲ್ಲ. ನಿಮ್ಮಿಬ್ಬರಲ್ಲೂ ಇದೆ."

ಮಾವನ ಮೈಯಲ್ಲಿ ನನ್ನಪ್ಪನ ಒಂದು ಹನಿ ರಕ್ತವೂ ಇಲ್ಲ.

ಅದೇ ತಿಂಗಳು ನನ್ನ ತಂಗಿ ಪುಟ್ಟತಾಯಿಯನ್ನು ಚಿಕ್ಕಮಾವನಿಗೆ, ಅಂದರೆ ನನ್ನ ಗಂಡನ ತಮ್ಮನಿಗೆ, ಕೊಡುವ ವೀಳ್ಯಶಾಸ್ತ್ರವಿತ್ತು. ಮೊದಲು ಇಬ್ಬರ ರಕ್ತ ತೋರಿಸಿ ಎಂದು ಡಾಕ್ಟರ್ ಹೇಳಿ ಕಳಿಸಿದ್ದರು. ಪುಟ್ಟತಾಯಿ ನನ್ನ ಜೊತೆ ಬಂದು ತೋರಿಸಿದಳು. ಅವಳಲ್ಲೂ ಇತ್ತು. ಚಿಕ್ಕಮಾವ ಒಪ್ಪಲಿಲ್ಲ. "ಸೂಜಿ ಚುಚ್ಚುಸ್ಕೊಂಡು ಕುಲ ತೋರುಸ್ಬೇಕಾ?" ಅಂದರು.

ಶಾಸ್ತ್ರದ ದಿನ ಮಾದೇವಿಗೆ ಮತ್ತೆ ನೋವು ಬಂತು. ನಾನು ವೀಳ್ಯದ ತಟ್ಟೆ ಸರಿಸಿ, ಚೀರುವ ಮಗಳನ್ನು ಅಜ್ಜಿಯ ಮಡಿಲಿಗೆ ಹಾಕಿದೆ.

"ಇಡ್ಕೊ ಅಜ್ಜಿ. ಇಂಥದ್ದೇ ಇನ್ನೊಂದು ಬೇಕಂದ್ರೆ ವೀಳ್ಯ ಬದ್ಲಾಯ್ಸು."

ಅವ್ವ ಮಗುವಿಗೆ ಕೈ ಚಾಚಿದಳು. ನಾನು ತಡೆದೆ. ಮಗಳ ನೋವನ್ನು ಹೀಗೆ ಮುಂದೆ ಮಾಡಿದ್ದಕ್ಕೆ ನನಗೆ ಇವತ್ತಿಗೂ ನಾಚಿಕೆಯಿದೆ. ಮಗುವನ್ನು ಅವುಚಿಕೊಂಡು ಅಜ್ಜಿ, "ತಟ್ಟೆ ಒಳಿಕ್ ತಕ್ಕೊಂಡೋಗಿ" ಎಂದಳು.

ಅಂದಿನಿಂದ ನನ್ನೊಡನೆ ಮಾತು ಬಿಟ್ಟಿದ್ದಾಳೆ. ಬಿಡಲಿ. ಮಾದೇವಿಯ ಕಾಯಿಲೆಗೆ ಮದ್ದಿಲ್ಲ. ನೀರು ಕುಡಿಸುತ್ತೇನೆ, ಬಿಸಿ ಬಟ್ಟೆ ಒತ್ತುತ್ತೇನೆ. ನೋವಿಲ್ಲದ ದಿನ ಅವಳು ಅಂಗಳದಲ್ಲಿ ಕೋಳಿ ಅಟ್ಟುತ್ತಾಳೆ, ಅಷ್ಟು ಸಾಕು.

ಮೊನ್ನೆ ಪುಟ್ಟತಾಯಿಯನ್ನು ಕೇಳಿಕೊಂಡು ಗೆಟ್ಟವಾಡಿಯಿಂದ ಬಂದಿದ್ದರು. ನಂಟೇ ಇಲ್ಲದ ಮನೆ. ಜಾತಕ ತೆಗೆದ ಗಂಡಿನ ಅಪ್ಪನನ್ನು ಅಜ್ಜಿ ತಡೆದಳು.

"ಅದ್ ಆಮೇಲೆ. ಮೊದ್ಲು ನಿಮ್ ಗಂಡಿನ್ ರಕ್ತ ತೋರ್ಸಿ. ಆ ಕಾಯ್ಲೆ ನಮ್ ಮನೇಲಿ ಅದೆ."