ಸೋಸಪ್ಪನಿಗೆ ನಾನು ಕೊಟ್ಟ ಕ್ಷಮೆ

ಕಾರ್ಖಾನೆಯಲ್ಲಿ ನೂಲಿಗೆ ಬಣ್ಣ ಹಾಕುತ್ತಿದ್ದ ಅವನಿಗೆ ಸೋಸಪ್ಪ ಎಂದು ಹೆಸರಿಟ್ಟವನು ನಾನೇ. ಅವನು ಜೈನ. ತೊಟ್ಟಿಯ ನೀರನ್ನು ಎರಡು ಪದರದ ಬಟ್ಟೆಯಲ್ಲಿ ಸೋಸದೆ ಹಂಡೆಗೆ ಸುರಿಯುತ್ತಿರಲಿಲ್ಲ. ಸೋಸಿದ ಮೇಲೆ ಬಟ್ಟೆಯನ್ನು ಮಗುಚಿ ಅದೇ ತೊಟ್ಟಿಯಲ್ಲಿ ಜಾಲಿಸುತ್ತಿದ್ದ, ಸಿಕ್ಕಿಕೊಂಡ ಹುಳ ತನ್ನ ಮನೆಗೆ ಹೋಗಲಿ ಎಂದು. ಇದ್ದದ್ದು ಎರಡೇ ಅಂಗಿ. ತಂಗಿ ಮೂರನೆಯದು ತಂದುಕೊಟ್ಟರೆ ಇನ್ಯಾರಿಗೋ ದಾಟಿಸಿಬಿಡುತ್ತಿದ್ದ.

"ನಿನ್ನ ಹುಳಗಳನ್ನೂ ಸಂಘಕ್ಕೆ ಸೇರಿಸೋಣವೇನೋ?" ಎಂದು ಕಿಚಾಯಿಸಿದ್ದೆ.

"ಅವು ಚಪ್ಪಾಳೆ ತಟ್ಟಲ್ಲ ಕಣಣ್ಣ, ನಿನಗೆ ಗಿಟ್ಟಲ್ಲ" ಎಂದಿದ್ದ.

ಮುಷ್ಕರದ ಹನ್ನೊಂದನೆಯ ದಿನ ಗೇಟಿನ ಬಳಿ ನೂಕಾಟವಾಯಿತು. ಸಂಘದ ಕಾರ್ಯದರ್ಶಿ ನಾನು. ಕಲ್ಲೆತ್ತಬೇಡಿ ಎಂದು ಬೆಳಿಗ್ಗೆ ಭಾಷಣ ಬಿಗಿದವನು ಮಧ್ಯಾಹ್ನ ಕಲ್ಲೆಸೆದೆ. ಅದು ಮಾಲೀಕನಿಗೆ ತಾಕಲಿಲ್ಲ. ನಮ್ಮಷ್ಟೇ ಬಡವನಾದ ಕಾವಲುಗಾರನ ಹಣೆ ಒಡೆಯಿತು. ಕಂಡದ್ದು ಪಕ್ಕದಲ್ಲಿದ್ದ ಸೋಸಪ್ಪ ಒಬ್ಬನೇ. ಓಡಿಹೋಗಿ, ಹೆಗಲ ಮೇಲಿದ್ದ ಸೋಸುವ ಬಟ್ಟೆಯನ್ನೇ ಕಾವಲುಗಾರನ ತಲೆಗೆ ಬಿಗಿದ.

ಕಾರ್ಖಾನೆಯವರು ಅವನನ್ನು ವಿಚಾರಣೆಗೆ ಕರೆದಾಗ, ನೋಡಿಲ್ಲ ಅಂತ ಒಂದು ಮಾತು ಹೇಳಿಬಿಡು ಎಂದು ಗೋಗರೆದೆ. ಅವನು ಒಳಗೆ ಹೇಳಿದ್ದು ಬೇರೆ: "ನೋಡಿದೀನಿ. ಯಾರು ಅಂತ ಹೇಳಲ್ಲ."

ಅಂದೇ ಅವನನ್ನು ಕೆಲಸದಿಂದ ಕಿತ್ತುಹಾಕಿದರು. ನಾನು ಬಾಗಿಲಾಚೆಯ ಬೆಂಚಿನ ಮೇಲೆ ಕೂತಿದ್ದೆ. ಎದ್ದು ಒಳಗೆ ಹೋಗಲು ಆರು ಹೆಜ್ಜೆ ಸಾಕಿತ್ತು. ತಿಂಗಳ ಮೇಲೆ ರಾಜಿಯಾಯಿತು. ಬೇಡಿಕೆಗಳ ಪಟ್ಟಿಯಲ್ಲಿ, ಇವನನ್ನು ವಾಪಸ್ ತೆಗೆದುಕೊಳ್ಳಬೇಕು ಎಂಬ ಸಾಲು ಬರೆದೆ. ಕಲ್ಲಿನ ಮಾತು ಮತ್ತೆ ಎದ್ದೀತೆಂದು ನಾನೇ ಹೊಡೆದುಹಾಕಿದೆ. ಜನ ನನ್ನನ್ನು ಹೆಗಲ ಮೇಲೆ ಹೊತ್ತು ಕುಣಿದರು.

ಜೈನರು ವರ್ಷಕ್ಕೊಮ್ಮೆ ಎಲ್ಲರ ಬಳಿಯೂ ಕ್ಷಮೆ ಕೇಳುತ್ತಾರೆ. ಆ ವರ್ಷ ಅವನು ನನ್ನ ಮನೆ ಬಾಗಿಲಿಗೂ ಬಂದ. ಅದೇ ಎರಡು ಅಂಗಿಗಳಲ್ಲೊಂದು, ಈಗ ತೋಳಿಗೆ ತೇಪೆ. ಗೋದಾಮಿನಲ್ಲಿ ಮೂಟೆ ಹೊರುತ್ತಿದ್ದನಂತೆ. ಇವತ್ತು ನನ್ನ ಜನ್ಮ ಜಾಲಾಡುತ್ತಾನೆ ಎಂದುಕೊಂಡೆ.

ಕೈ ಮುಗಿದ. "ಆವತ್ತು ನಿನ್ನ ಕೈ ಹಿಡ್ಕೋಬಹುದಿತ್ತಣ್ಣ. ಪಕ್ಕದಲ್ಲೇ ಇದ್ದೆ, ಹಿಡೀಲಿಲ್ಲ. ಕ್ಷಮಿಸು."

ಬಾಯಿ ಬಿಡಲು ಇದಕ್ಕಿಂತ ಒಳ್ಳೆಯ ಹೊತ್ತು ಬೇಕಿತ್ತೇ? ಬಿಟ್ಟೆ. "ಹೋಗ್ಲಿ ಬಿಡೋ" ಎಂದೆ, ದೊಡ್ಡ ಮನಸ್ಸಿನವನ ಹಾಗೆ.

ಅವನ ಮುಖ ಹಗುರಾಯಿತು. ಹೊಸಿಲಿನ ಇರುವೆ ಸಾಲನ್ನು ನೋಡಿಕೊಂಡು ದಾಟಿ ಹೋದ. ಪಾಪ, ಏನು ತಪ್ಪು ಮಾಡಿದ್ದರಂತೆ ಅವರು ಎಂದು ಹೆಂಡತಿ ಕೇಳಿದಳು. ಏನೋ ಕಾರ್ಖಾನೆಯ ವಿಷಯ ಎಂದೆ.

ಕಾವಲುಗಾರನ ಮನೆಗೂ ಹೋಗಿ ಕೈ ಮುಗಿದಿದ್ದನೆಂದು ಆಮೇಲೆ ತಿಳಿಯಿತು. ಅವನ ಹಣೆಯ ಮೇಲೆ ಹೊಲಿಗೆಯ ಗುರುತು ಇನ್ನೂ ಇದೆಯಂತೆ. ನಾನು ಇದುವರೆಗೂ ಆ ಬೀದಿಗೆ ಹೋಗಿಲ್ಲ.